‘ಗಿಫ್ಟ್’ ಶಬ್ದವೂ ಅದರ ಅಪಾರ್ಥಗಳೂ



ಜರ್ಮನ್ ಭಾಷೆಯ ‘ಗಿಫ್ಟ್’ ಎಂಬ ಒಂದು ಸಣ್ಣ ನಾಮಪದವನ್ನು ಕುರಿತು ಈ ಪತ್ರಿಕೆಯ ಹಿಂದಿನ ಎರಡು ಸಂಚಿಕೆಗಳಲ್ಲಿ ನಡೆದ ವಾದವನ್ನು ತಾವೆಲ್ಲರೂ ಓದಿರುವಿರಿ. ಇಂಗ್ಲಿಷಿನಲ್ಲಿ ಉಡುಗೊರೆಯೆಂಬ ಅರ್ಥವುಳ್ಳ ಈ ಶಬ್ದಕ್ಕೆ ಜರ್ಮನಿನಲ್ಲಿ ವಿಷವೆಂದು ಅರ್ಥ. ಇದೇ ವಾದದ ಬೀಜ. ಮೊದಲನೆಯ ಲೇಖಕರು ಹೇಳಿದ್ದು ಇಷ್ಟು: ಗಿಫ್ಟ್ ಎಂಬುದು ನಮ್ಮ ಸಂಸ್ಕೃತದ ‘ಗೃಹೀತ’ ಶಬ್ದದ ಅಪಭ್ರಂಶವು, ಪರರಿಂದ ಪಡೆದುದೆಲ್ಲವೂ ವಿಷಸಮಾನವೆಂದು ಜರ್ಮನರು ಕಂಡುಕೊಂಡುದರಿಂದ ಆ ಅರ್ಥವು ಬಂದಿತು, ವಧುವಿನ ಸಂಗಡ ಕೊಡುವ ಧನಕ್ಕೆ ಅವರು ‘ಮಿಟ್‌ಗಿಫ್ಟ್’ ಎನ್ನುವರು, ಅಂದರೆ ‘ಹೆಣ್ಣಿನ ಜೊತೆಯಲ್ಲಿ ಬರುವ ವಿಷ’, ವರದಕ್ಷಿಣೆಯು ಪಾಪವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎರಡನೆಯ ಲೇಖಕರು ಇದಕ್ಕೆ ಕೊಟ್ಟ ಉತ್ತರವು ಹೀಗಿತ್ತು: ಶಬ್ದದ ಮೂಲಾರ್ಥವು ‘ಕೊಡುವಿಕೆ’, ಮೂಲಾರ್ಥವೇ ನಿಜಾರ್ಥ, ಆದಕಾರಣ ತಂದೆಯು ಮಗಳೊಡನೆ ಪ್ರೀತಿಯಿಂದ ಕೊಟ್ಟು ಕಳುಹಿಸುವುದರಲ್ಲಿ ಯಾವ ದೋಷವೂ ಇಲ್ಲ.

ಇಬ್ಬರು ಮಿತ್ರರೂ ನನಗೆ ಮಾನ್ಯರು. ಮೊದಲನೆಯವರ ಉದ್ದೇಶವಂತೂ ಅತ್ಯಂತ ಶ್ಲಾಘ್ಯವಾದುದು. ಆದರೆ ಸದುದ್ದೇಶದ ಮನೆಗೆ ಸುಳ್ಳಿನ ತಳಹದಿಯನ್ನು ಹಾಕಿದರೆ ಮನೆಯೇ ಕುಸಿಯುವುದಲ್ಲದೆ ಬೇರೇನೂ ಆಗದು. ನನ್ನ ಆಕ್ಷೇಪಣೆಯು ಇಬ್ಬರ ಮೇಲೆಯೂ ಇರುವುದು. ಒಬ್ಬರು ಶಬ್ದದ ಇಂದಿನ ಅರ್ಥದಿಂದ ಅದರ ಹುಟ್ಟನ್ನು ಕಲ್ಪಿಸಿದರು. ಇನ್ನೊಬ್ಬರು ಅದರ ಹುಟ್ಟಿನಿಂದ ಇಂದಿನ ಅರ್ಥವನ್ನು ಅಳಿಸಹೊರಟರು. ಶಬ್ದದ ಚರಿತ್ರೆಯನ್ನು ಪ್ರಮಾಣಗಳಿಂದ ತಿಳಿಯಬೇಕು. ಶಬ್ದದ ಅರ್ಥವನ್ನು ಪ್ರಯೋಗದಿಂದ ತಿಳಿಯಬೇಕು. ವಸ್ತುವಿನ ಗುಣದೋಷಗಳನ್ನು ವಸ್ತುವಿನಿಂದಲೇ ತಿಳಿಯಬೇಕು. ಈ ಮೂರನ್ನೂ ಕಲಸಿ ಒಂದೇ ಉಂಡೆಮಾಡಿದುದೇ ಈ ವಾದದ ಮೂಲದೋಷವು.

ಮೊದಲು ‘ಗೃಹೀತ’ದ ವಿಚಾರ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಯು ಸುಮ್ಮನೆ ಹುಟ್ಟಿದುದಲ್ಲ. ಗಕಾರದಿಂದ ಮೊದಲಾಗಿ ತಕಾರದಲ್ಲಿ ಮುಗಿಯುವ ಪರದೇಶದ ಶಬ್ದವೊಂದು ಕಿವಿಗೆ ಬಿದ್ದೊಡನೆಯೇ ಅದನ್ನು ಸಂಸ್ಕೃತದ ಕೊಟ್ಟಿಗೆಗೆ ಕಟ್ಟುವ ಚಪಲವು ನಮ್ಮಲ್ಲಿ ಬಹುಕಾಲದಿಂದ ಇರುವುದು. ಪಾಠಶಾಲೆಯಲ್ಲಿ ಓದಿದವನಾದ ನನಗೂ ಆ ಚಪಲವು ಅಪರಿಚಿತವಲ್ಲ. ಆದರೆ ಲೇಖಕರು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಗೃಹೀತದಲ್ಲಿರುವ, ವೇದದ ‘ಗ್ರಭ್’ ಧಾತುವಿನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಸುವ ರೇಫವು ಎಲ್ಲಿ ಹೋಯಿತು? ಕೊಳ್ಳುವುದು ಎಂಬ ಅರ್ಥದ ಧಾತುವಿನಿಂದ ಕೊಡುವುದು ಎಂಬ ಅರ್ಥದ ಶಬ್ದವು ಹೇಗೆ ಹುಟ್ಟಿತು? ಈ ಎರಡಕ್ಕೂ ಉತ್ತರವಿಲ್ಲದ ವ್ಯುತ್ಪತ್ತಿಯು ವ್ಯುತ್ಪತ್ತಿಯಲ್ಲ, ಬರಿಯ ಪ್ರಾಸ.

ಹಾಗಾದರೆ ಗಿಫ್ಟ್ ಶಬ್ದದ ನಿಜವಾದ ಹುಟ್ಟು ಎಲ್ಲಿ? ಅದು ಜರ್ಮನಿನಲ್ಲಿಯೇ ಇರುವುದು. ಆ ಭಾಷೆಯಲ್ಲಿ ‘ಗೇಬೆನ್’ ಎಂದರೆ ಕೊಡುವುದು. ಇಂಗ್ಲಿಷಿನ ‘ಗಿವ್’ ಇದರ ಒಡಹುಟ್ಟು. ಈ ಧಾತುವಿನ ಮೇಲೆ ಭಾವಾರ್ಥದ ‘ತಿ’ ಪ್ರತ್ಯಯವು ಸೇರಿ ಗಿಫ್ಟ್ ಆಯಿತು. ಅಂತ್ಯದ ಇಕಾರವು ಕಾಲಕ್ರಮದಲ್ಲಿ ಸವೆದುಹೋಯಿತು. ತಕಾರದ ಸಂಪರ್ಕದಿಂದ ಬಕಾರವಿದ್ದೆಡೆಯಲ್ಲಿ ಫಕಾರವು ನಿಂತಿತು. ಇದೊಂದೇ ಉದಾಹರಣೆಯೂ ಅಲ್ಲ. ಅಟ್ಟುವುದೆಂಬ ಅರ್ಥದ ‘ಟ್ರೈಬೆನ್’ ಧಾತುವಿನಿಂದ ‘ಟ್ರಿಫ್ಟ್’ ಎಂಬ, ದನಗಳನ್ನು ಮೇಯಲಟ್ಟುವ ದಾರಿಯನ್ನು ಹೇಳುವ ಶಬ್ದವು ಇದೇ ಕ್ರಮದಲ್ಲಿ ಹುಟ್ಟಿದೆ. ಸಂಸ್ಕೃತಾಭಿಮಾನಿಗಳು ಸಂತೋಷಪಡಬೇಕಾದ ಸ್ಥಳವು ಇಲ್ಲಿರುವುದು, ಗೃಹೀತದಲ್ಲಿ ಅಲ್ಲ. ಈ ‘ತಿ’ ಪ್ರತ್ಯಯವು ನಮ್ಮ ವ್ಯಾಕರಣದ ಕ್ತಿನ್ ಪ್ರತ್ಯಯದ ಸಹೋದರವು. ಗತಿ, ಮತಿ, ದೃಷ್ಟಿ ಎಂಬವು ಹೇಗೆ ಕ್ತಿನ್ನಂತವಾಗಿ ಸ್ತ್ರೀಲಿಂಗವಾಗಿರುವುವೋ ಹಾಗೆಯೇ ಪ್ರಾಚೀನ ಜರ್ಮನಿನಲ್ಲಿ ಗಿಫ್ಟ್ ಶಬ್ದವೂ ಸ್ತ್ರೀಲಿಂಗವಾಗಿಯೇ ಇದ್ದಿತು. ಲಭ್ ಧಾತುವಿನಿಂದ ‘ಲಬ್ಧಿ’ ಆಗುವಾಗ ನಮ್ಮಲ್ಲಿ ವ್ಯಂಜನಗಳು ಒಂದನ್ನೊಂದು ಮಾರ್ಪಡಿಸುವಂತೆ ಅವರಲ್ಲಿಯೂ ಮಾರ್ಪಡಿಸಿದುವು. ನಿಜವಾದ ಬಾಂಧವ್ಯವು ಕಣ್ಣೆದುರಿಗೇ ಇರುವಾಗ ಕಲ್ಪಿತ ಬಾಂಧವ್ಯವನ್ನು ಹುಡುಕಿಕೊಂಡು ಹೋಗುವುದೇಕೆ?

ಇನ್ನು ಕೊಡುವಿಕೆಯೆಂಬ ಶಬ್ದವು ವಿಷಕ್ಕೆ ಹೆಸರಾದುದು ಹೇಗೆ ಎಂಬ ಪ್ರಶ್ನೆ. ಗ್ರೀಕರಲ್ಲಿ ‘ದೋಸಿಸ್’ ಎಂಬ ಶಬ್ದವಿರುವುದು. ಅದಕ್ಕೂ ಕೊಡುವಿಕೆಯೆಂದೇ ಅರ್ಥ. ವೈದ್ಯರು ರೋಗಿಗೆ ಒಂದು ಸಾರಿಗೆ ಕೊಡತಕ್ಕ ಔಷಧದ ಪ್ರಮಾಣವನ್ನು ಆ ಹೆಸರಿನಿಂದ ಕರೆದರು. ನಮ್ಮ ಊರಿನ ವೈದ್ಯರು ‘ಎರಡು ಡೋಸು ತೆಗೆದುಕೊಳ್ಳಿ’ ಎನ್ನುವಾಗ ಆ ಗ್ರೀಕ್ ಶಬ್ದವನ್ನೇ ಆಡುತ್ತಿರುವರು. ಈ ದೋಸಿಸ್ ಶಬ್ದವು ಲ್ಯಾಟಿನ್ ಭಾಷೆಗೆ ಬಂದಿತು. ಜರ್ಮನರು ಅದರ ಅಚ್ಚಿನಲ್ಲಿಯೇ ತಮ್ಮ ಗಿಫ್ಟ್ ಶಬ್ದವನ್ನು ಬಳಸಿದರು. ‘ಕೊಟ್ಟುದು’ ಮೊದಲು ‘ಕೊಟ್ಟ ಮದ್ದು’ ಆಗಿ, ಬಳಿಕ ‘ಕೊಲ್ಲುವುದಕ್ಕಾಗಿ ಕೊಟ್ಟ ಮದ್ದು’ ಆಯಿತು. ಗ್ರೀಕರ ದೋಸಿಸ್ ನಮ್ಮ ‘ದಾ’ ಧಾತುವಿನ ವಂಶದ್ದೇ. ಅದರ ಪ್ರತ್ಯಯವೂ ಕ್ತಿನ್ನಿನ ವಂಶದ್ದೇ. ನಮ್ಮಲ್ಲಿ ಅದೇ ಧಾತುವಿಗೆ ಅದೇ ಪ್ರತ್ಯಯವು ಸೇರಿದರೆ ‘ದತ್ತಿ’ ಆಗುವುದು. ದೇವಸ್ಥಾನಕ್ಕೆ ಬಿಟ್ಟ ದತ್ತಿಯೆಂದು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಆ ಪವಿತ್ರವಾದ ಶಬ್ದವೂ ಔಷಧಾಲಯದ ಡೋಸೂ ಒಂದೇ ಮನೆತನದವು. ಇದನ್ನು ತಿಳಿದು ನಾಳೆ ಯಾರಾದರೂ ದತ್ತಿಯೆಂದರೆ ಮಾತ್ರೆಯೆಂದು ಬರೆದರೆ ನಾವು ನಗುವೆವಷ್ಟೆ? ಗಿಫ್ಟ್ ಶಬ್ದದ ವಿಷಯದಲ್ಲಿ ನಮ್ಮ ಮಿತ್ರರು ಮಾಡಿರುವುದೂ ಇದಕ್ಕಿಂತ ಹೆಚ್ಚಿನದಲ್ಲ.

ಕೊಡುವಿಕೆ ಮತ್ತು ವಿಷ ಎಂಬ ಎರಡು ಅರ್ಥಗಳೂ ಪ್ರಾಚೀನ ಜರ್ಮನಿನ ಕಾಲದಲ್ಲಿಯೇ ಈ ಶಬ್ದಕ್ಕೆ ಇದ್ದುವು. ಎರಡು ಅರ್ಥಗಳು ಒಂದೇ ಮನೆಯಲ್ಲಿ ಬಹುಕಾಲ ಬಾಳಲಾರದೆ ಹೋದುವು. ಮುಂದೆ ವಿಷವೆಂಬ ಅರ್ಥದಲ್ಲಿ ಶಬ್ದವು ನಪುಂಸಕಲಿಂಗವಾಯಿತು. ಉಡುಗೊರೆಯೆಂಬ ಅರ್ಥದ ಸ್ತ್ರೀಲಿಂಗ ಶಬ್ದವು ಬಳಕೆಯಿಂದ ತಪ್ಪಿಹೋಯಿತು. ಲಿಂಗಭೇದದಿಂದ ಅರ್ಥಭೇದವಾಗುವುದು ನಮಗೆ ಹೊಸತಲ್ಲ. ಸಂಸ್ಕೃತದಲ್ಲಿ ಮಿತ್ರ ಶಬ್ದವು ಪುಲ್ಲಿಂಗವಾದರೆ ಸೂರ್ಯನು, ನಪುಂಸಕವಾದರೆ ಸ್ನೇಹಿತನು. ಸ್ನೇಹಿತರನ್ನೆಲ್ಲ ಸೂರ್ಯರೆಂದು ಭಾವಿಸಿ ಅರ್ಘ್ಯ ಕೊಡುವವರನ್ನು ನಾನು ಕಂಡಿಲ್ಲ. ಈಗ ಮಿಟ್‌ಗಿಫ್ಟ್ ಶಬ್ದವನ್ನು ನೋಡಿರಿ. ಅದು ಇಂದಿಗೂ ಸ್ತ್ರೀಲಿಂಗವಾಗಿಯೇ ಉಳಿದಿದೆ. ಅಂದರೆ ಅದರಲ್ಲಿರುವುದು ವಿಷದ ಗಿಫ್ಟ್ ಅಲ್ಲ, ಕೊಡುವಿಕೆಯ ಹಳೆಯ ಗಿಫ್ಟ್. ‘ಸಂಗಡ ಕೊಟ್ಟದ್ದು’ ಎಂದಷ್ಟೇ ಅದರ ಅರ್ಥ. ನಮ್ಮ ಬಳುವಳಿ ಎಂಬುದಕ್ಕೆ ಸಮೀಪವಾದುದು. ‘ಹೆಣ್ಣಿನ ಜೊತೆಯಲ್ಲಿ ಬರುವ ವಿಷ’ ಎಂಬ ಮೊದಲನೆಯ ಲೇಖಕರ ವ್ಯಾಖ್ಯಾನವು ಈ ಒಂದು ಲಿಂಗದಿಂದಲೇ ಬಿದ್ದುಹೋಗುವುದು.

ನೆರೆಹೊರೆಯ ಭಾಷೆಗಳನ್ನು ವಿಚಾರಿಸಿದರೆ ಈ ಮಾತು ಇನ್ನೂ ದೃಢವಾಗುವುದು. ಡಚ್ಚರಲ್ಲಿ ‘ಗಿಫ್ಟ್’ ಎಂದರೆ ದಾನ, ‘ಗಿಫ್’ ಎಂದರೆ ವಿಷ. ಅವರು ಒಂದು ತಕಾರವನ್ನು ಬಿಟ್ಟು ಎರಡನ್ನೂ ಬೇರ್ಪಡಿಸಿಕೊಂಡರು. ಸ್ವೀಡಿಷ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ನಾಮಪದವಾಗಿ ವಿಷ, ವಿಶೇಷಣವಾಗಿ ‘ವಿವಾಹಿತ’. ಪ್ರಾಚೀನ ಇಂಗ್ಲಿಷಿನಲ್ಲಿಯಾದರೋ ಈ ಶಬ್ದವು ವಧುವಿಗಾಗಿ ತೆರುವ ಧನವೆಂಬ ಅರ್ಥದಲ್ಲಿಯೂ, ಬಹುವಚನದಲ್ಲಿ ಮದುವೆಯೆಂಬ ಅರ್ಥದಲ್ಲಿಯೂ ಇದ್ದಿತು. ಹೀಗೆ ಒಂದೇ ತಾಯಿಯ ಮಕ್ಕಳು ಒಂದೊಂದು ಊರಿನಲ್ಲಿ ಒಂದೊಂದು ವೃತ್ತಿಯನ್ನು ಹಿಡಿದಿರುವಾಗ, ಒಂದು ಊರಿನ ಮಗನನ್ನು ಮಾತ್ರ ಹಿಡಿದುತಂದು ‘ಇವನೇ ಕುಲದ ನಿಜಸ್ವಭಾವ’ ಎನ್ನುವುದು ಯಾವ ನ್ಯಾಯ?

ಲಕ್ಸೆಂಬರ್ಗೆಂಬ ಸಣ್ಣ ರಾಜ್ಯದ ಸಾಕ್ಷ್ಯವು ಈ ವಿಷಯದಲ್ಲಿ ಬಹು ಬೆಲೆಯುಳ್ಳದ್ದು. ಅಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು, ಬಂದ ಹೊಸತರಲ್ಲಿ ಇಲಿಪಾಷಾಣದ ಡಬ್ಬಿಯ ಮೇಲೆ ಜರ್ಮನಿನಲ್ಲಿ ‘ಗಿಫ್ಟ್’ ಎಂದು ಅಚ್ಚಾಗಿದ್ದುದನ್ನು ಕಂಡು ಏನೋ ಬಹುಮಾನದ ಯೋಜನೆಯೆಂದು ತಿಳಿದೆನೆಂದು ನನಗೆ ಬರೆದಿದ್ದನು. ಆ ದೇಶದ ಸ್ವಂತ ಭಾಷೆಯು ಲಕ್ಸೆಂಬರ್ಗಿಷ್. ಜರ್ಮನಿನ ಮೋಸೆಲ್ ನದೀಪ್ರಾಂತದ ನುಡಿಗಳ ಗುಂಪಿಗೆ ಸೇರಿದುದು. 1847ರಲ್ಲಿ ಗಾಂಗ್ಲರ್ ಎಂಬವರು ಅದರ ನಿಘಂಟನ್ನು ಪ್ರಕಟಿಸಿದರು. 1984ರಲ್ಲಿ ಶಾಸನದ ಮೂಲಕ ಅದು ರಾಷ್ಟ್ರಭಾಷೆಯೆನಿಸಿತು. ಅಲ್ಲಿ ವಿಷಕ್ಕೆ ‘ಗೆಫ್ಟ್’ ಎನ್ನುವರು. ಮೊದಲ ಸ್ವರವು ನಮ್ಮ ಅಕಾರ ಎಕಾರಗಳ ನಡುವಣದು. ಆದರೆ ಕೊಡುವುದೆಂಬ ಕ್ರಿಯಾಪದವು ಆ ನುಡಿಯಲ್ಲಿ ಬಕಾರವನ್ನು ಕಳೆದುಕೊಂಡು ‘ಗಿನ್’ ಎಂದು ಆಗಿರುವುದು. ಅಷ್ಟೇ ಅಲ್ಲ, ‘ಪುಸ್ತಕವನ್ನು ಕೊಡುತ್ತೇನೆ’ ಎನ್ನುವುದಕ್ಕೂ ‘ಮುದುಕನಾಗುತ್ತೇನೆ’ ಎನ್ನುವುದಕ್ಕೂ ಅವರಿಗೆ ಈ ‘ಗಿನ್’ ಒಂದೇ ಸಾಕು, ಕರ್ಮಣಿಪ್ರಯೋಗವನ್ನೂ ಅದರಿಂದಲೇ ಮಾಡುವರು. ಉಡುಗೊರೆಗೆ ಫ್ರೆಂಚರಿಂದ ಕಡತಂದ ‘ಕಾಡೋ’ ಎಂಬ ಶಬ್ದವು ಅವರಲ್ಲಿ ರೂಢಿಯಲ್ಲಿರುವುದು. ಹೀಗಿರಲು ಲಕ್ಸೆಂಬರ್ಗಿನ ಗೃಹಿಣಿಯು ಗೆಫ್ಟ್ ಎಂದು ಮಗುವಿಗೆ ಎಚ್ಚರಿಕೆ ಹೇಳುವಾಗ ಅವಳ ಮನಸ್ಸಿನಲ್ಲಿ ದಾನವಾಗಲಿ ಕೊಡುವಿಕೆಯಾಗಲಿ ಸುಳಿಯುವುದೆಂದು ಹೇಗೆ ಹೇಳೋಣ? ತಾಯಿಬೇರು ಮಣ್ಣಿನಲ್ಲಿ ಮುಚ್ಚಿಹೋಗಿದೆ. ಶಬ್ದವು ಮಾತ್ರ ತನ್ನ ಕೆಲಸವನ್ನು ತಾನು ಮಾಡುತ್ತಿದೆ. ದಾನವು ವಿಷವೆಂದು ಆ ಜನಾಂಗವು ಕಂಡುಕೊಂಡಿತೆಂಬ ತತ್ತ್ವವು ನಮ್ಮ ಲೇಖಕರ ಲೇಖನಿಯಲ್ಲಿ ಹುಟ್ಟಿದುದು, ಆ ಜನಾಂಗದ ಬಾಯಿಯಲ್ಲಿ ಅಲ್ಲ.

ಇಷ್ಟರಿಂದ ಎರಡನೆಯ ಲೇಖಕರು ಗೆದ್ದೆನೆಂದು ಹಿಗ್ಗಬೇಕಾದುದಿಲ್ಲ. ಗಿಫ್ಟ್ ಶಬ್ದದ ಮೂಲಾರ್ಥವು ಕೊಡುವಿಕೆಯೆಂದು ಅವರು ಹೇಳಿದುದು ಸತ್ಯ. ಮೂಲಾರ್ಥವೇ ನಿಜಾರ್ಥವೆಂದು ಹೇಳಿದುದು ಅಸತ್ಯ. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂಬುದು ನಮ್ಮ ಶಾಸ್ತ್ರಕಾರರು ಎಂದೋ ನಿರ್ಣಯಿಸಿಟ್ಟ ಸಂಗತಿ. ದರ್ಭೆಯನ್ನು ಕೊಯ್ಯಲು ಬಾರದವನೂ ಕುಶಲನಾಗಬಹುದು. ವೀಣೆಯನ್ನು ಮುಟ್ಟದವನೂ ಪ್ರವೀಣನಾಗಬಹುದು. ಎಳ್ಳಿನ ನೆಯ್ಯೇ ಎಣ್ಣೆ. ಆದರೂ ಸೀಮೆಎಣ್ಣೆಯಲ್ಲಿ ಎಳ್ಳನ್ನು ಹುಡುಕುವವರುಂಟೆ? ಇಂಗ್ಲಿಷಿನ ‘ಪಾಯ್ಸನ್’ ಶಬ್ದವು ಪಾನವೆಂಬ ಅರ್ಥದ ಲ್ಯಾಟಿನ್ ‘ಪೋಟಿಯೊ’ ಶಬ್ದದಿಂದ ಬಂದುದು, ನಮ್ಮ ‘ಪಾ’ ಧಾತುವಿಗೆ ಬಂಧುವಾದುದು. ಮೂಲಾರ್ಥವೇ ನಿಜಾರ್ಥವಾದಲ್ಲಿ, ಆ ಶಬ್ದವನ್ನು ಬರೆದ ಸೀಸೆಯನ್ನು ನಮ್ಮ ಮಿತ್ರರು ಪಾನಕವೆಂದು ಸ್ವೀಕರಿಸಲು ಸಿದ್ಧರಿರುವರೆ?

ಇಲ್ಲಿ ಒಂದು ಪೂರ್ವಪಕ್ಷವನ್ನು ನಾನೇ ಎತ್ತಿಕೊಳ್ಳುತ್ತೇನೆ. ಫ್ರಾನ್ಸಿನ ಪ್ರಸಿದ್ಧ ವಿದ್ವಾಂಸರಾದ ಮಾರ್ಸೆಲ್ ಮೌಸ್ ಅವರು 1924ರಲ್ಲಿ ಈ ಒಂದೇ ಶಬ್ದವನ್ನು ಕುರಿತು ಒಂದು ಲೇಖನವನ್ನು ಬರೆದರು. ಪ್ರಾಚೀನ ಜರ್ಮನಿಕ್ ಜನರಲ್ಲಿ ಕೊಡುಗೆಯೆಂದರೆ ಮುಖ್ಯವಾಗಿ ಪಾತ್ರೆಯಲ್ಲಿ ಹೊಯ್ದು ಕೊಡುವ ಪಾನೀಯವೆಂದೂ, ಆ ಪಾತ್ರೆಯಲ್ಲಿರುವುದು ಅಮೃತವೋ ವಿಷವೋ ಎಂಬ ಸಂಶಯವು ಕುಡಿಯುವವನಿಗೆ ಇದ್ದೇ ಇರುತ್ತಿದ್ದಿತೆಂದೂ ಅವರು ತೋರಿಸಿದರು. ಇಂದಿನ ಜರ್ಮನಿನಲ್ಲಿ ಉಡುಗೊರೆಗೆ ಇರುವ ‘ಗೆಷೆಂಕ್’ ಎಂಬ ಹೆಸರು ಕೂಡ ಪಾನೀಯವನ್ನು ಹೊಯ್ಯುವುದೆಂಬ ಅರ್ಥದ ಧಾತುವಿನಿಂದಲೇ ಬಂದುದು. ಹಾಗಾದರೆ ದಾನವೇ ವಿಷವೆಂಬ ಮಾತು ನಿಜವಾಯಿತಲ್ಲವೆ ಎಂದು ಕೇಳಬಹುದು. ಆಗಲಿಲ್ಲ. ಕೊಡುವವನ ಕೈಯನ್ನು ನಂಬಬಹುದೋ ಬಾರದೋ ಎಂಬ ಭಯವು ಬೇರೆ, ಕೊಡುವುದೆಲ್ಲವೂ ವಿಷವೆಂಬ ಸಿದ್ಧಾಂತವು ಬೇರೆ. ಮೌಸರು ಮೊದಲನೆಯದನ್ನು ಹೇಳಿದರು. ನಮ್ಮ ಲೇಖಕರು ಎರಡನೆಯದನ್ನು ಹೇಳುತ್ತಿರುವರು.

ಶಬ್ದಶೋಧವು ತಾಳ್ಮೆಯ ಕೆಲಸವೆಂಬುದಕ್ಕೆ ಈ ಜರ್ಮನರೇ ನಿದರ್ಶನರಾಗಿರುವರು. ಗ್ರಿಮ್ ಸಹೋದರರು ಆರಂಭಿಸಿದ ಮಹಾನಿಘಂಟಿನ ಮೊದಲ ಸಂಪುಟವು 1854ರಲ್ಲಿ ಹೊರಬಿದ್ದಿತು. ಕಡೆಯ ಸಂಪುಟವು ಮುಗಿದುದು 1961ರಲ್ಲಿ. ಹಿರಿಯನಾದ ಯಾಕೋಬ್ ಗ್ರಿಮ್ಮನು 1863ರಲ್ಲಿ ಕಾಲವಾದಾಗ ಅವನ ಕೆಲಸವು ಹಣ್ಣೆಂಬ ಅರ್ಥದ ‘ಫ್ರುಖ್ಟ್’ ಶಬ್ದದಲ್ಲಿ ನಿಂತಿತ್ತು. ಅಕ್ಷರಕ್ರಮದಲ್ಲಿ ಅದರ ಮುಂದಿದ್ದ ಗಿಫ್ಟ್ ಶಬ್ದವನ್ನು ಅವನು ಮುಟ್ಟಲಿಲ್ಲ. ಅಂತಹವನೇ ಆಯುಸ್ಸು ಸಾಲದೆ ಹೋದ ದಾರಿಯನ್ನು ನಾವು ಕಿವಿಗೆ ಕೇಳಿದ ಎರಡು ಅಕ್ಷರಗಳ ಬಲದಿಂದ ಒಂದು ಸಂಜೆಯಲ್ಲಿ ಕ್ರಮಿಸಿದೆವೆನ್ನುವುದು ಸಾಹಸವೇ ಸರಿ.

ಹಾಗಾದರೆ ಈ ಶಬ್ದದಿಂದ ಕಲಿಯತಕ್ಕುದು ಏನೂ ಇಲ್ಲವೆ? ಇದೆ. ದಾನವು ವಿಷವೆಂಬುದಲ್ಲ, ವಿಷವನ್ನು ದಾನದ ಹೆಸರಿನಿಂದ ಕರೆದರೆಂಬುದು. ಭಯಂಕರವಾದುದನ್ನು ನೇರವಾಗಿ ಹೆಸರಿಸಲು ಮನುಷ್ಯನು ಎಲ್ಲ ದೇಶಗಳಲ್ಲಿಯೂ ಅಂಜುವನು. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದರೆ ‘ಹುಳ ಮುಟ್ಟಿತು’ ಎನ್ನುವರು. ಸಿಡುಬು ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುವರು. ದೀಪವನ್ನು ಆರಿಸೆಂದು ಹೇಳದೆ ‘ದೊಡ್ಡದು ಮಾಡು’ ಎನ್ನುವರು. ಪ್ರಾಣವನ್ನುಳಿಸುವ ‘ಮದ್ದು’ ಶಬ್ದವೇ ‘ಮದ್ದು ಹಾಕಿದರು’ ಎನ್ನುವಾಗ ಪ್ರಾಣಾಪಹಾರಿಯಾಗುವುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಷಪ್ರಯೋಗ ಮಾಡುವ ಗೂಢಚಾರನ ಹೆಸರು ‘ರಸದ’, ಅಂದರೆ ರಸವನ್ನು ಕೊಡುವವನು. ಆದರೆ ಇಲ್ಲಿಯೇ ನಮ್ಮ ಧರ್ಮಶಾಸ್ತ್ರಕಾರರ ನೇರವಾದ ಬುದ್ಧಿಯನ್ನು ನೋಡಬೇಕು. ಆತತಾಯಿಗಳನ್ನು ಎಣಿಸುವಲ್ಲಿ ಅವರು ‘ಗರದ’ ಎಂದರು. ವಿಷವನ್ನು ಕೊಡುವವನು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಪರಾಧವನ್ನು ವಿಚಾರಿಸುವ ಸ್ಥಳದಲ್ಲಿ ಸವಿಮಾತಿಗೆ ಅವಕಾಶವಿಲ್ಲ.

ಈ ನಿಯಮವನ್ನು ನಮ್ಮ ಮದುವೆಯ ಚಪ್ಪರಕ್ಕೆ ತಂದು ನೋಡೋಣ. ವರದಕ್ಷಿಣೆಯನ್ನು ನಿಷೇಧಿಸುವ ಶಾಸನವು 1961ರಲ್ಲಿ ಆಯಿತು. ಮದುವೆಯ ಸಂಬಂಧವಾಗಿ ಕೊಟ್ಟ ಅಥವಾ ಕೊಡಲೊಪ್ಪಿದ ಸ್ವತ್ತು ವರದಕ್ಷಿಣೆಯೆಂದು ಆ ಶಾಸನವು ವಸ್ತುವನ್ನು ಹಿಡಿದು ಲಕ್ಷಣ ಹೇಳಿತೇ ಹೊರತು ಹೆಸರನ್ನು ಹಿಡಿದು ಹೇಳಲಿಲ್ಲ. ಕೇಳದೆಯೇ ಕೊಟ್ಟ ಉಡುಗೊರೆಗಳಿಗೆ ಮಾತ್ರ ವಿನಾಯಿತಿಯುಂಟು. ಅವುಗಳನ್ನೂ ಪಟ್ಟಿಮಾಡಿ ಇಡಬೇಕೆಂದು 1985ರ ನಿಯಮಗಳು ವಿಧಿಸಿದುವು. ಆ ಬಳಿಕ ಏನಾಯಿತು? ವರದಕ್ಷಿಣೆಯೆಂಬ ಶಬ್ದವು ಬೀಗರ ಬಾಯಿಯಿಂದ ಮಾಯವಾಯಿತು, ವಸ್ತುವು ಮಾಯವಾಗಲಿಲ್ಲ. ಈಗ ಅದಕ್ಕೆ ಉಡುಗೊರೆಯೆಂದು ಹೆಸರು. ಪೇಟೆಯ ಮಾತಿನಲ್ಲಿ ಗಿಫ್ಟು. ಎರಡನೆಯ ಲೇಖಕರ ‘ಮೂಲಾರ್ಥವೇ ನಿಜಾರ್ಥ’ ಎಂಬ ಸೂತ್ರವು ಈ ಬೀಗರಿಗೆ ಎಷ್ಟು ಪ್ರಿಯವಾದೀತು! ಮೊದಲನೆಯ ಲೇಖಕರ ವಾದವೂ ಅವರಿಗೆ ಅನುಕೂಲವೇ. ‘ಮಿಟ್‌ಗಿಫ್ಟ್ ಎಂದರೆ ವಿಷವಲ್ಲವಂತೆ, ನಿಘಂಟಿನಲ್ಲಿ ಹಾಗಿಲ್ಲವಂತೆ’ ಎಂದು ಒಂದೇ ಮಾತಿನಲ್ಲಿ ಆ ಉಪದೇಶವನ್ನೆಲ್ಲ ತಳ್ಳಿಹಾಕಬಹುದು. ವರದಕ್ಷಿಣೆಯು ಕೆಟ್ಟದ್ದಾಗಿರುವುದು ಜರ್ಮನರ ಶಬ್ದದಿಂದಲ್ಲ. ಹೆಣ್ಣಿಗೆ ಬೆಲೆಕಟ್ಟುವುದರಿಂದ, ಹೆತ್ತವರನ್ನು ಸಾಲದಲ್ಲಿ ಮುಳುಗಿಸುವುದರಿಂದ, ತಂದುದು ಸಾಲದೆಂದು ಸೊಸೆಯನ್ನು ಪೀಡಿಸುವುದರಿಂದ ಅದು ಕೆಟ್ಟದ್ದು. ಕಣ್ಣೆದುರಿಗೆ ಇಷ್ಟು ಸಾಕ್ಷಿಗಳಿರುವಾಗ ಕಡಲಾಚೆಯ ಒಂದು ಶಬ್ದವನ್ನು ಕಟಕಟೆಗೆ ಎಳೆದುತರುವುದು ಯಾತಕ್ಕೆ?

ಪರೋಪದೇಶದಲ್ಲಿ ಪಾಂಡಿತ್ಯವನ್ನು ಮೆರೆಯುತ್ತಿರುವನೆಂಬ ಅಪವಾದವು ನನಗೆ ಬಾರದಿರಲೆಂದು ಒಂದು ಮಾತನ್ನು ಅರಿಕೆಮಾಡಿಕೊಳ್ಳುವೆನು. ನನ್ನ ಮಗಳ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ‘ನಾವು ಏನನ್ನೂ ಕೇಳುವವರಲ್ಲ ಮೇಷ್ಟ್ರೇ; ನಿಮ್ಮ ಮಗಳಿಗೆ ನೀವು ಪ್ರೀತಿಯಿಂದ ಏನು ಕೊಟ್ಟರೂ ಸಂತೋಷ’ ಎಂದರು. ಮಾರನೆಯ ದಿನ ಮಧ್ಯಸ್ಥರ ಕೈಯಲ್ಲಿ ಆ ಪ್ರೀತಿಯ ಪಟ್ಟಿಯೂ ಬಂದಿತು. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಶಬ್ದಾರ್ಥವನ್ನು ಬೋಧಿಸಿದ ನಾನು ಆ ಶಬ್ದದ ಅರ್ಥವು ತಿಳಿದಿದ್ದೂ ತಿಳಿಯದವನಂತೆ ಸಾಲ ತೆಗೆದು ಕೊಟ್ಟೆನು. ಕೇಳಿದವರಿಗೆ ಉಡುಗೊರೆಯೆಂದು ಹೇಳಿದೆನು. ಮನೆಯಾಕೆಯು ಮಾತ್ರ ‘ಅದನ್ನು ಉಡುಗೊರೆ ಅನ್ನಬೇಡಿ’ ಎಂದಳು. ಅವಳು ಯಾವ ನಿಘಂಟನ್ನೂ ಓದಿದವಳಲ್ಲ. ಆದರೂ ಆ ದಿನ ನಮ್ಮ ಮನೆಯಲ್ಲಿ ಶಬ್ದಶಾಸ್ತ್ರವನ್ನು ಬಲ್ಲವಳು ಅವಳೊಬ್ಬಳೇ.

ಆದುದರಿಂದ ಇಬ್ಬರು ಮಿತ್ರರಲ್ಲಿಯೂ ನನ್ನ ವಿಜ್ಞಾಪನೆಯು ಇಷ್ಟೇ. ಗಿಫ್ಟ್ ಶಬ್ದವನ್ನು ಜರ್ಮನರಿಗೂ, ಗೆಫ್ಟ್ ಶಬ್ದವನ್ನು ಲಕ್ಸೆಂಬರ್ಗಿನವರಿಗೂ ಬಿಟ್ಟುಕೊಡೋಣ. ಅವರಿಗೆ ಅದರ ಅರ್ಥದಲ್ಲಿ ಸಂದೇಹವಿಲ್ಲ. ವಿಷದ ಡಬ್ಬಿಯ ಮೇಲೆ ವಿಷವೆಂದೇ ಬರೆದು ಮಕ್ಕಳ ಕೈಗೆ ಎಟುಕದಂತೆ ಇಡುವರು. ಸಂದೇಹವನ್ನು ಕಲ್ಪಿಸಿಕೊಂಡಿರುವವರು ನಾವು. ನಮ್ಮ ಡಬ್ಬಿಯ ಮೇಲಣ ಚೀಟಿಯನ್ನು ಸರಿಯಾಗಿ ಬರೆಯುವುದನ್ನು ಮೊದಲು ಕಲಿಯೋಣ. ಪರದೇಶದ ಶಬ್ದಗಳ ವ್ಯುತ್ಪತ್ತಿಯನ್ನು ಆಮೇಲೆ ಬಿಡುವಾಗಿ ವಿಚಾರಿಸಬಹುದು.